ಎತ್ತರಿಸಿದ ಜೀಪುಗಳನ್ನು ಜಾಕಿನ ಮೇಲೆ ಏರಿಸುವ ಕ್ರಮ
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಹಿಡುವಳಿದಾರರ ಉಪಯೋಗಕ್ಕಾಗಿ)

ಎತ್ತಿನ ಗಾಡಿಯ ಕಾಲದಲ್ಲಿ ಚಕ್ರಕ್ಕೆ ಕೀಲೆಣ್ಣೆ ಹಾಕಬೇಕಾದಾಗ ಒಕ್ಕಲಿಗನು ಅನುಸರಿಸುತ್ತಿದ್ದ ಕ್ರಮವು ಸ್ಮರಣೀಯವಾದುದು. ಅವನು ಮೊದಲು ಹೇರನ್ನು ಇಳಿಸಿ ಎತ್ತುಗಳನ್ನು ಬಿಚ್ಚುವನು. ಮೂಕಿಯ ಕೆಳಗೆ ಊರುಗೋಲನ್ನು ಕೊಡುವನು. ನೆಲದ ಮೇಲೆ ಉಳಿಯುವ ಚಕ್ರದ ಹಿಂದೆಯೂ ಮುಂದೆಯೂ ಕಲ್ಲನ್ನಿಡುವನು. ಆ ಬಳಿಕ ಸನ್ನೆಗೋಲಿನಿಂದ ಅಚ್ಚನ್ನೆತ್ತಿ, ಅದರ ಕೆಳಗೆ ಮರದ ದಿಮ್ಮಿಯನ್ನು ಸೇರಿಸಿದ ಮೇಲೆಯೇ ಕಡಾಣಿಯನ್ನು ಕಿತ್ತು ಚಕ್ರವನ್ನು ಹೊರಕ್ಕೆಳೆಯುವನು. ಸನ್ನೆಗೋಲಿರುವುದು ಎತ್ತುವುದಕ್ಕೆ, ದಿಮ್ಮಿಯಿರುವುದು ಹೊರುವುದಕ್ಕೆ ಎಂಬ ಭೇದವನ್ನು ಅವನಿಗೆ ಯಾರೂ ಪುಸ್ತಕದಿಂದ ಕಲಿಸಿರಲಿಲ್ಲ.

ಅಮೃತಮಹಲ್ ಎತ್ತುಗಳಿಗೆ ಹೆಸರಾದ ಅಜ್ಜಂಪುರದ ಸೀಮೆಯಲ್ಲಿಯೂ ಈಗ ಹೇರಿನ ಕೆಲಸವನ್ನು ಬಹುಮಟ್ಟಿಗೆ ಟ್ರಾಕ್ಟರು ಮತ್ತು ಜೀಪುಗಳೇ ವಹಿಸಿಕೊಂಡಿರುವುವು. ಸನ್ನೆಗೋಲಿನ ಸ್ಥಾನಕ್ಕೆ ಜಾಕು ಬಂದಿರುವುದು. ಆದರೆ ದಿಮ್ಮಿಯ ಸ್ಥಾನವು ಅನೇಕ ಕಡೆಗಳಲ್ಲಿ ಬರಿದಾಗಿಯೇ ಉಳಿದಿರುವುದು ಶೋಚನೀಯವು. ಜಾಕು ತಾನೇ ಎತ್ತಿ ತಾನೇ ಹೊತ್ತು ನಿಲ್ಲುವುದೆಂಬ ಭ್ರಮೆಯಿಂದ ಜನರು ವಾಹನದಡಿಯಲ್ಲಿ ಕೈಯನ್ನೂ ತಲೆಯನ್ನೂ ಚಾಚುವರು. ಈ ಭ್ರಮೆಯು ಎಲ್ಲ ವಾಹನಗಳ ವಿಷಯದಲ್ಲಿಯೂ ಅಪಾಯಕರವೇ ಆದರೂ, ದೊಡ್ಡ ಟೈರುಗಳನ್ನೂ ಏರಿಸಿದ ಕಮಾನುಪಟ್ಟಿಗಳನ್ನೂ ಹಾಕಿಸಿದ ಜೀಪುಗಳಲ್ಲಿ ಪ್ರಾಣಾಂತಕವಾಗಬಲ್ಲುದು. ಆದಕಾರಣ ಈ ವಿಷಯವನ್ನು ಕ್ರಮವಾಗಿ ತಿಳಿದುಕೊಳ್ಳುವುದು ಪ್ರತಿಯೊಬ್ಬ ವಾಹನದ ಯಜಮಾನನಿಗೂ ಅವಶ್ಯಕವು.

ಎತ್ತರಿಸುವುದರಿಂದ ಆಗುವ ವ್ಯತ್ಯಾಸ

ಜೀಪೆಂಬ ವಾಹನವು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ ಸೈನ್ಯದ ಉಪಯೋಗಕ್ಕಾಗಿ ಹುಟ್ಟಿದುದು. ೧೯೪೧ರಲ್ಲಿ ತಯಾರಾಗತೊಡಗಿದ ವಿಲ್ಲಿಸ್ ಜೀಪಿನ ಎಡಬಲ ಚಕ್ರಗಳ ನಡುವಣ ಅಂತರವು ಸುಮಾರು ೪ ಅಡಿ ಮಾತ್ರ. ಆ ಕಿರಿದಾದ ತಳವು ಆ ಗಾತ್ರದ ಟೈರು ಮತ್ತು ಆ ಎತ್ತರದ ಒಡಲಿಗೆ ತಕ್ಕದಾಗಿತ್ತು. ಕೆಮ್ಮಣ್ಣುಗುಂಡಿಯ ಬೆಟ್ಟದ ಹಾದಿಯಲ್ಲಾಗಲಿ ತೋಟದ ಕೊರಕಲಿನಲ್ಲಾಗಲಿ ತಳವು ಕಲ್ಲಿಗೆ ತಾಕಬಾರದೆಂದು ಈಗಿನವರು ಅಂತಹ ವಾಹನಗಳನ್ನು ಇನ್ನಷ್ಟು ಎತ್ತರಿಸುವರು.

ಈ ಎತ್ತರಿಸುವಿಕೆಯಲ್ಲಿ ಎರಡು ಬಗೆಗಳುಂಟು. ಮೊದಲನೆಯದು ದೊಡ್ಡ ಟೈರನ್ನು ಹಾಕುವುದು. ೨೮ ಅಂಗುಲ ಎತ್ತರದ ಟೈರನ್ನು ತೆಗೆದು ೩೨ ಅಂಗುಲದ ಟೈರನ್ನು ಹಾಕಿದರೆ ಅಚ್ಚು ಏರುವುದು ವ್ಯತ್ಯಾಸದ ಅರ್ಧದಷ್ಟು, ಎಂದರೆ ೨ ಅಂಗುಲ ಮಾತ್ರ. ಎರಡನೆಯದು ಕಮಾನುಪಟ್ಟಿಗಳನ್ನು ಬದಲಿಸಿ ಚಾಸಿಯನ್ನು ಮೇಲಕ್ಕೇರಿಸುವುದು. ಇದರಿಂದ ಚಾಸಿಯು ೪ ಅಂಗುಲ ಏರಿದರೂ ಅಚ್ಚು ಇದ್ದಲ್ಲಿಯೇ ಇರುವುದು. ಎರಡನ್ನೂ ಮಾಡಿದ ವಾಹನದಲ್ಲಿ ಚಾಸಿಯು ಒಟ್ಟು ೬ ಅಂಗುಲ ಏರಿದ್ದರೆ ಅಚ್ಚು ಕೇವಲ ೨ ಅಂಗುಲ ಏರಿರುವುದು.

ಈ ಸಣ್ಣ ಲೆಕ್ಕದಲ್ಲಿಯೇ ಸುರಕ್ಷಿತ ಕ್ರಮದ ಸಾರವು ಅಡಗಿರುವುದು. ಜಾಕನ್ನು ಚಾಸಿಗೆ ಕೊಟ್ಟು ಎತ್ತಿದರೆ ಚಕ್ರವು ಕೂಡಲೇ ನೆಲವನ್ನು ಬಿಡುವುದಿಲ್ಲ. ಚಾಸಿಯು ಏರಿದಂತೆಲ್ಲ ಕಮಾನುಪಟ್ಟಿಯು ಸಡಿಲಿ ಅಚ್ಚು ಕೆಳಗೆ ಜೋತುಬೀಳುವುದು. ಹಲವು ಅಂಗುಲಗಳವರೆಗೆ ಒಡಲು ಒಂದು ಪಕ್ಕಕ್ಕೆ ವಾಲುತ್ತಿರುವುದೇ ಹೊರತು ಚಕ್ರವು ಏಳುವುದಿಲ್ಲ. ಮೊದಲೇ ಎತ್ತರವಾದ ವಾಹನವು, ಉದ್ದಕ್ಕೆ ಚಾಚಿದ ಜಾಕಿನ ತುದಿಯಲ್ಲಿ, ಒಂದು ಬದಿಗೆ ಓರೆಯಾಗಿ ನಿಲ್ಲುವುದು. ಸಣ್ಣ ನೂಕು ತಗಲಿದರೂ ಜಾರಿ ಬೀಳಲು ಇಷ್ಟು ಸಾಕು. ಅದೇ ಜಾಕನ್ನು ಅಚ್ಚಿಗೆ ಕೊಟ್ಟರೆ ಮೂರು ನಾಲ್ಕು ಅಂಗುಲ ಎತ್ತುವುದರೊಳಗಾಗಿ ಚಕ್ರವು ನೆಲವನ್ನು ಬಿಡುವುದು. ಒಡಲು ಹೆಚ್ಚಾಗಿ ವಾಲುವುದಿಲ್ಲ. ಆದುದರಿಂದ ಅಖಂಡವಾದ ಅಚ್ಚುಳ್ಳ ವಾಹನವನ್ನು ಚಕ್ರ ಬದಲಿಸುವುದಕ್ಕಾಗಿ ಎತ್ತುವಾಗ ಅಚ್ಚಿನಿಂದಲೇ ಎತ್ತತಕ್ಕದ್ದು, ಚಾಸಿಯಿಂದ ಎತ್ತತಕ್ಕದ್ದಲ್ಲ.

ಅಚ್ಚಿನಲ್ಲಿಯೂ ಎಲ್ಲ ಸ್ಥಳಗಳೂ ಯೋಗ್ಯವಲ್ಲ. ಕಮಾನುಪಟ್ಟಿಯು ಅಚ್ಚಿಗೆ ಕೂಡುವ ಸ್ಥಳದ ಸಮೀಪದಲ್ಲಿ ಜಾಕಿನ ತಲೆಯು ಸಮನಾಗಿ ಕೂರುವಂತೆ ಇಡಬೇಕು. ನಡುವಿನಲ್ಲಿ ಡಿಫರೆನ್ಷಿಯಲನ್ನು ಒಳಗೊಂಡ ಗುಂಡಾದ ಉಬ್ಬಿನಿಂದ ಜಾಕು ಜಾರುವುದು. ಸ್ಟೀರಿಂಗಿನ ಕಂಬಿಗೆ ಕೊಟ್ಟರೆ ಕಂಬಿಯು ಬಗ್ಗುವುದು. ಮುಂಬದಿಯಲ್ಲಿ ಅಖಂಡವಾದ ಅಚ್ಚಿಲ್ಲದ ಹೊಸ ವಾಹನಗಳಲ್ಲಿ ತಯಾರಕರು ಕೈಪಿಡಿಯಲ್ಲಿ ತೋರಿಸಿರುವ ಸ್ಥಳವನ್ನೇ ಅನುಸರಿಸತಕ್ಕದ್ದು.

ಜಾಕುಗಳ ಬಗೆ

ಬಳಕೆಯಲ್ಲಿರುವ ಜಾಕುಗಳು ಮುಖ್ಯವಾಗಿ ಮೂರು ವಿಧ. ಮೊದಲನೆಯದಾದ ತಿರುಪಿನ ಜಾಕು ನಿಧಾನವಾದರೂ ನಂಬಿಕೆಗೆ ಯೋಗ್ಯವಾದುದು. ಅನೇಕ ವಾಹನಗಳೊಡನೆ ಬರುವ ಸಣ್ಣ ತಿರುಪಿನ ಜಾಕುಗಳು ಆ ವಾಹನದ ಮೊದಲಿನ ಎತ್ತರಕ್ಕೆ ಅಳೆದು ಮಾಡಿದುವಾದುದರಿಂದ, ಎತ್ತರಿಸಿದ ಬಳಿಕ ಸಾಲದೆ ಹೋಗುವುವು. ಅವುಗಳ ತಲೆಯನ್ನು ಕೊನೆಯ ಸುತ್ತಿನವರೆಗೂ ಏರಿಸಿ ಕೆಲಸ ಮಾಡುವುದು ಸರಿಯಲ್ಲ.

ಎರಡನೆಯದು ಸೀಸೆಯ ಆಕಾರದ ಎಣ್ಣೆಯ ಜಾಕು. ೧೭೯೫ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಎಂಬಾತನು ಹಕ್ಕುಪತ್ರ ಪಡೆದ ದ್ರವದೊತ್ತಡದ ಯಂತ್ರದ ತತ್ತ್ವವೇ ಇದರಲ್ಲಿಯೂ ಇರುವುದು. ಸಣ್ಣ ಕೊಂತದ ಮೇಲೆ ಹಾಕಿದ ಒತ್ತಡವು ಎಣ್ಣೆಯ ಮೂಲಕ ದೊಡ್ಡ ಕೊಂತಕ್ಕೆ ಮುಟ್ಟಿ, ಅವುಗಳ ವಿಸ್ತೀರ್ಣದ ಪ್ರಮಾಣದಲ್ಲಿ ಬಲವು ಹೆಚ್ಚುವುದು. ಆದರೆ ಆ ಭಾರವನ್ನೆಲ್ಲ ತಡೆದು ನಿಲ್ಲಿಸಿರುವುದು ಒಂದು ಸಣ್ಣ ಬಿರಡೆಯೂ ಕೆಲವು ರಬ್ಬರಿನ ಬಳೆಗಳೂ ಎಂಬುದನ್ನು ಮರೆಯಬಾರದು. ರಬ್ಬರು ಹರಿದರೆ ಎಣ್ಣೆಯು ಸೋರಿ ಭಾರವು ಇಳಿದುಬಿಡುವುದು. ಸುತ್ತಲೂ ಎಣ್ಣೆಯ ಜಿಡ್ಡು ಕಾಣುವ ಜಾಕನ್ನು ರಿಪೇರಿ ಮಾಡಿಸದೆ ಉಪಯೋಗಿಸಕೂಡದು. ವಾಹನದ ಪೂರ್ಣ ತೂಕಕ್ಕಿಂತ ಹೆಚ್ಚಿನ ಶಕ್ತಿಯುಳ್ಳ ಜಾಕನ್ನು ಕೊಳ್ಳುವುದೇ ಮೇಲು.

ಮೂರನೆಯದು ರಂಧ್ರಗಳುಳ್ಳ ಉದ್ದವಾದ ಕಬ್ಬಿಣದ ಪಟ್ಟಿಯ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಹೈಲಿಫ್ಟ್ ಜಾಕು. ಎತ್ತರಿಸಿದ ಜೀಪುಗಳ ಯಜಮಾನರಿಗೆ ಇದರ ಮೇಲೆ ಬಹಳ ಮೋಹವುಂಟು. ಕೆಸರಿನಲ್ಲಿ ಹೂತ ಚಕ್ರವನ್ನೆತ್ತಿ ಅದರ ಕೆಳಗೆ ಕಲ್ಲು ಹಲಗೆ ಸೇರಿಸುವುದಕ್ಕೆ ಇದು ಉತ್ತಮವಾದ ಸಾಧನವು. ಆದರೆ ಇದರ ಪಾದವು ಚಿಕ್ಕದು, ಮೈಯು ಉದ್ದವಾದುದು. ಪಕ್ಕಕ್ಕೆ ಬರುವ ನೂಕನ್ನು ಇದು ತಾಳಲಾರದು. ಸಾಮಾನ್ಯವಾಗಿ ಇದನ್ನು ಬಂಪರಿಗೆ ಇಲ್ಲವೆ ಚಾಸಿಗೆ ಕೊಡುವುದರಿಂದ ಅಚ್ಚು ಜೋತುಬೀಳುವ ದೋಷವೂ ಸೇರುವುದು. ಬೇರೆ ಉಪಾಯವಿಲ್ಲದೆ ಇದನ್ನು ಚಾಸಿಗೆ ಕೊಡಬೇಕಾದಲ್ಲಿ, ಮೊದಲು ಆ ಬದಿಯ ಅಚ್ಚನ್ನು ಚಾಸಿಗೆ ಬಲವಾದ ಸರಪಣಿಯಿಂದ ಬಿಗಿದು ಕಟ್ಟಿದರೆ ಜೋತುಬೀಳುವುದು ತಪ್ಪಿ ಬೇಗನೆ ಚಕ್ರವು ಏಳುವುದು. ಇದರ ಹಿಡಿಯು ಭಾರದ ಬಲದಿಂದ ಛಟ್ಟನೆ ಮೇಲಕ್ಕೆ ಹಾರಿ ದವಡೆಯನ್ನು ಮುರಿಯಬಲ್ಲುದು. ಆದುದರಿಂದ ಹಿಡಿಯು ಓಡಾಡುವ ದಾರಿಯಲ್ಲಿ ಮುಖವನ್ನಿಡದೆ, ಎರಡು ಕೈಗಳಿಂದ ಹಿಡಿದು, ಇಳಿಸುವಾಗಲೂ ಎತ್ತುವಾಗಿನಷ್ಟೇ ಎಚ್ಚರದಿಂದಿರಬೇಕು. ಇದನ್ನು ಎತ್ತುವುದಕ್ಕೆ ಉಪಯೋಗಿಸಬಹುದೇ ಹೊರತು, ಇದರ ಮೇಲೆ ನಿಂತ ವಾಹನದ ಕೆಳಗೆ ಯಾರೂ ಹೋಗತಕ್ಕದ್ದಲ್ಲ.

ಕೈಬ್ರೇಕಿನ ಮೇಲಣ ಭರವಸೆ

ಕೈಬ್ರೇಕನ್ನು ಎಳೆದು ಗೇರಿನಲ್ಲಿ ನಿಲ್ಲಿಸಿದ ವಾಹನವು ಅಲುಗಲಾರದೆಂಬ ನಂಬಿಕೆಯು ಜೀಪುಗಳ ವಿಷಯದಲ್ಲಿ ಮೋಸಮಾಡುವುದು. ಹಳೆಯ ಮಾದರಿಯ ಅನೇಕ ಜೀಪುಗಳಲ್ಲಿ ಕೈಬ್ರೇಕು ಚಕ್ರಗಳನ್ನು ಹಿಡಿಯದೆ, ಎಂಜಿನಿನಿಂದ ಹಿಂದಣ ಅಚ್ಚಿಗೆ ಹೋಗುವ ತಿರುಗುದಂಡವನ್ನು ಹಿಡಿಯುವುದು. ಗೇರು ಹಿಡಿಯುವುದೂ ಅದೇ ದಂಡವನ್ನು. ಎರಡು ಹಿಂಚಕ್ರಗಳೂ ನೆಲದ ಮೇಲಿರುವವರೆಗೆ ಇದರಿಂದ ವಾಹನವು ನಿಲ್ಲುವುದು. ಆದರೆ ಒಂದು ಹಿಂಚಕ್ರವನ್ನು ನೆಲದಿಂದ ಎತ್ತಿದ ಕ್ಷಣದಲ್ಲಿ ಸ್ಥಿತಿಯು ಬದಲಾಗುವುದು. ದಂಡವು ನಿಶ್ಚಲವಾಗಿದ್ದರೂ ಡಿಫರೆನ್ಷಿಯಲಿನ ಮೂಲಕ ಒಂದು ಚಕ್ರವು ಮುಂದಕ್ಕೂ ಇನ್ನೊಂದು ಹಿಂದಕ್ಕೂ ತಿರುಗಬಹುದು. ಎಂದರೆ ಗಾಳಿಯಲ್ಲಿರುವ ಚಕ್ರವು ಸುಮ್ಮನೆ ತಿರುಗುತ್ತಿರಲು, ನೆಲದ ಮೇಲಿರುವ ಚಕ್ರವು ಉರುಳಿಕೊಂಡು ಹೋಗುವುದು. ಬ್ರೇಕು ಕೆಟ್ಟಿರುವುದಿಲ್ಲ, ಗೇರು ತಪ್ಪಿರುವುದಿಲ್ಲ. ಆದರೂ ವಾಹನವು ಹೊರಟುಬಿಡುವುದು.

ಲಿಂಗದಹಳ್ಳಿಯಿಂದ ಕೆಮ್ಮಣ್ಣುಗುಂಡಿಗೆ ಏರುವ ಹಾದಿಯಲ್ಲಿ ಒಂದು ಜೀಪಿನ ಹಿಂಚಕ್ರವು ಪಂಕ್ಚರಾಯಿತೆಂದು ಭಾವಿಸಬಹುದು. ವಾಹನದ ತೂಕವು ೧೫೦೦ ಕಿಲೋ, ಹಾದಿಯು ಹತ್ತಡಿಗೆ ಒಂದಡಿ ಏರುವುದು ಎಂದಿಟ್ಟುಕೊಂಡರೆ, ಆ ಜೀಪನ್ನು ಇಳಿಜಾರಿಗೆ ಎಳೆಯುತ್ತಿರುವ ಬಲವು ಸುಮಾರು ೧೫೦ ಕಿಲೋ ಭಾರಕ್ಕೆ ಸಮನಾದುದು. ಒಬ್ಬಿಬ್ಬರು ಕೈಕೊಟ್ಟು ತಡೆಯುವ ಮಾತಲ್ಲ. ಹೀಗಿರುವಲ್ಲಿ ಅಡ್ಡಗಲ್ಲಿಲ್ಲದೆ ಹಿಂಚಕ್ರವನ್ನೆತ್ತುವುದು ಪ್ರಾಣದೊಡನೆ ಆಟವಾಡಿದಂತೆ.

ಇದಕ್ಕೆ ಪರಿಹಾರವು ಸುಲಭವಾದುದು. ನೆಲದ ಮೇಲೆ ಉಳಿಯುವ ಮೂರು ಚಕ್ರಗಳಿಗೂ ಹಿಂದೆ ಮುಂದೆ ಮರದ ಬೆಣೆಗಳನ್ನು ಬಿಗಿಯಾಗಿ ಒತ್ತಬೇಕು. ಬೆಣೆಯಿಲ್ಲದಿದ್ದರೆ ಚೂಪಾದ ಅಂಚುಳ್ಳ ದಪ್ಪ ಕಲ್ಲುಗಳನ್ನಿಡಬಹುದು. ಹೊಳೆಯ ಗುಂಡುಕಲ್ಲು ಉರುಳುವುದರಿಂದ ಕೆಲಸಕ್ಕೆ ಬಾರದು. ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಜೀಪಿನಲ್ಲಿ ಆ ಗೇರನ್ನೂ ಕೂಡಿಸಿದರೆ ಮುಂಚಕ್ರಗಳೂ ಹಿಡಿತವನ್ನು ಕೊಡುವುವು. ಆದರೂ ಬೆಣೆಗಳನ್ನು ಬಿಡತಕ್ಕದ್ದಲ್ಲ. ಸಾಧ್ಯವಿದ್ದಲ್ಲೆಲ್ಲ, ಟೈರು ಹಾಳಾದರೂ ಚಿಂತೆಯಿಲ್ಲವೆಂದು, ಸಮತಟ್ಟಾದ ಸ್ಥಳದವರೆಗೆ ನಿಧಾನವಾಗಿ ನಡೆಸಿಕೊಂಡು ಹೋಗುವುದು ವಿವೇಕವು.

ನೆಲದ ಪರೀಕ್ಷೆ

ಜಾಕಿನ ಪಾದವು ೧೦ ಸೆಂಟಿಮೀಟರ್ ಉದ್ದ ೧೦ ಸೆಂಟಿಮೀಟರ್ ಅಗಲವಿದ್ದು, ಅದರ ಮೇಲೆ ೪೦೦ ಕಿಲೋ ಭಾರವು ಬಿದ್ದರೆ, ಪ್ರತಿ ಚದರ ಸೆಂಟಿಮೀಟರು ನೆಲವು ೪ ಕಿಲೋ ಭಾರವನ್ನು ಹೊರಬೇಕಾಗುವುದು. ಅದೇ ಜಾಕಿನ ಕೆಳಗೆ ೪೦ ಸೆಂಟಿಮೀಟರ್ ಚೌಕದ ದಪ್ಪ ಹಲಗೆಯನ್ನಿಟ್ಟರೆ ಆ ಭಾರವು ಕಾಲು ಕಿಲೋವಿಗೆ ಇಳಿಯುವುದು. ಇದು ನಿಂತ ಮನುಷ್ಯನ ಪಾದಗಳು ನೆಲವನ್ನು ಒತ್ತುವ ಪ್ರಮಾಣಕ್ಕೆ ಸುಮಾರಾಗಿ ಸಮನಾದುದು. ಆದುದರಿಂದ ಯಾವ ಉಪಕರಣವೂ ಇಲ್ಲದೆ ಯಾರಾದರೂ ಮಾಡಬಹುದಾದ ಪರೀಕ್ಷೆಯೊಂದುಂಟು. ಜಾಕನ್ನಿಡುವ ಸ್ಥಳದಲ್ಲಿ ಬರಿಗಾಲಿನಲ್ಲಿ ನಿಂತು ನೋಡಬೇಕು. ಹೆಜ್ಜೆಯು ಹೂತರೆ ಅಲ್ಲಿ ಹಲಗೆಯಿದ್ದರೂ ಜಾಕು ಹೂಳುವುದು. ಹಲಗೆಯಿಲ್ಲದಿದ್ದರೆ ಹೇಳತಕ್ಕದ್ದೇ ಇಲ್ಲ.

ಈ ಮೂರು ಸೀಮೆಗಳ ನೆಲಗಳು ಮೂರು ಬಗೆಯವು. ಅಜ್ಜಂಪುರದ ಕಡೆಯ ಎರೆಭೂಮಿಯು ಬೇಸಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿದ್ದರೂ ಒಳಗೆ ಬಿರುಕುಗಳಿರುವುವು. ಮಳೆ ಬಿದ್ದರೆ ಅದೇ ನೆಲವು ಬೆಣ್ಣೆಯಂತಾಗುವುದು. ಈರುಳ್ಳಿಯನ್ನು ಕಿತ್ತು ಸಾಗಿಸುವ ಕಾಲಕ್ಕೆ ಮಳೆಯೂ ಬರುವುದುಂಟು. ಹೊಲದಲ್ಲಿ ಹೂತ ಹೇರಿನ ವಾಹನವನ್ನು ಅಲ್ಲಿಯೇ ಎತ್ತುವುದಕ್ಕೆ ಬದಲಾಗಿ, ಮೂಟೆಗಳನ್ನಿಳಿಸಿ, ಇನ್ನೊಂದು ಟ್ರಾಕ್ಟರಿನಿಂದ ಮೆಲ್ಲನೆ ಎಳೆಸಿ ಗಟ್ಟಿನೆಲಕ್ಕೆ ತರುವುದು ಲೇಸು. ಕಡೂರಿನ ಬಯಲುಸೀಮೆಯ ಕೆಂಪು ನೆಲವು ಸಾಮಾನ್ಯವಾಗಿ ಗಟ್ಟಿಯಾದುದಾದರೂ ಮೇಲ್ಪದರದ ಗರಸು ಕಾಳುಗಳು ಜಾಕಿನ ಪಾದದಡಿಯಲ್ಲಿ ಜಾರುವುವು. ಅಲ್ಲಿ ಗರಸನ್ನು ಗುದ್ದಲಿಯಿಂದ ಕೆರೆದು ಗಟ್ಟಿನೆಲವನ್ನು ಕಾಣಿಸಿ ಹಲಗೆಯನ್ನಿಡಬೇಕು. ತರೀಕೆರೆಯ ಅಡಕೆ ತೋಟಗಳ ನೆಲವು ನೀರುಂಡು ಮೆದುವಾಗಿರುವುದು. ಬಸಿಗಾಲುವೆಯ ಅಂಚು ಕುಸಿಯುವುದು. ತೋಟದೊಳಗೆ ಚಕ್ರ ಬಿಚ್ಚುವ ಕೆಲಸವನ್ನು ಕೈಕೊಳ್ಳದಿರುವುದೇ ಒಳ್ಳೆಯದು.

ಎತ್ತರ ಸಾಲದಾದಾಗ ಜಾಕಿನ ಕೆಳಗೆ ಇಟ್ಟಿಗೆ, ಸೈಜುಗಲ್ಲು ಇಲ್ಲವೆ ಪೊಳ್ಳಾದ ಸಿಮೆಂಟು ಇಟ್ಟಿಗೆಗಳನ್ನು ಪೇರಿಸುವ ಪದ್ಧತಿಯು ಅತ್ಯಂತ ಅಪಾಯಕರವು. ಇವು ಮುನ್ಸೂಚನೆಯಿಲ್ಲದೆ ಒಡೆಯುವುವು. ಮರವಾದರೋ ಮೊದಲು ಕಿರುಗುಟ್ಟಿ ಎಚ್ಚರಿಸುವುದು. ಹೊನ್ನೆ, ಮತ್ತಿ ಮೊದಲಾದ ಗಟ್ಟಿಮರದ ಚೌಕದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಜೋಡಿಸಬೇಕು. ಅಡಕೆಯ ದಬ್ಬೆಯು ಸೀಳುವುದು, ತೆಂಗಿನ ದುಂಡು ತುಂಡು ಉರುಳುವುದು, ಇವೆರಡೂ ಬೇಡ.

ಕೆಲಸದ ಅನುಕ್ರಮ

೧. ವಾಹನವನ್ನು ಸಮನಾದ ಗಟ್ಟಿನೆಲದಲ್ಲಿ, ರಸ್ತೆಯ ತಿರುವಿನಿಂದ ದೂರವಾಗಿ ನಿಲ್ಲಿಸಿ, ಎಂಜಿನನ್ನು ಆರಿಸಿ, ಕೈಬ್ರೇಕನ್ನೆಳೆದು ಗೇರಿಗೆ ಹಾಕತಕ್ಕದ್ದು.

೨. ಒಳಗಿರುವವರೆಲ್ಲರೂ ಇಳಿಯತಕ್ಕದ್ದು. ಮೇಲ್ಭಾಗದಲ್ಲಿ ಕಟ್ಟಿದ ಮೂಟೆಗಳನ್ನು ಇಳಿಸತಕ್ಕದ್ದು. ಮಕ್ಕಳನ್ನು ದೂರವಿರಿಸತಕ್ಕದ್ದು.

೩. ನೆಲದ ಮೇಲೆ ಉಳಿಯುವ ಚಕ್ರಗಳಿಗೆ ಬೆಣೆಗಳನ್ನು ಒತ್ತತಕ್ಕದ್ದು.

೪. ಚಕ್ರವು ಇನ್ನೂ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸತಕ್ಕದ್ದು. ಎತ್ತಿದ ಮೇಲೆ ಸ್ಪ್ಯಾನರನ್ನು ತುಳಿದು ಬಿಚ್ಚುವುದರಿಂದಲೇ ವಾಹನವು ಜಾಕಿನಿಂದ ಜಾರುವುದು. ಹಳೆಯ ಜೀಪುಗಳ ಎಡಬದಿಯ ನಟ್ಟುಗಳು ಎಡಸುತ್ತಿನವಾಗಿರುವುದುಂಟು. ತಿಳಿಯದೆ ಬಲಪ್ರಯೋಗ ಮಾಡಬಾರದು.

೫. ಹಲಗೆಯ ಮೇಲೆ ಜಾಕನ್ನು ನೆಟ್ಟಗೆ ನಿಲ್ಲಿಸಿ ಅಚ್ಚಿಗೆ ಕೊಡತಕ್ಕದ್ದು. ಗಾಳಿ ಹೋದ ಟೈರಿನಿಂದ ಅಚ್ಚು ತಗ್ಗಾಗಿ ಜಾಕು ಹಿಡಿಸದಿದ್ದರೆ, ಮೊದಲು ಆ ಚಕ್ರವನ್ನು ಎರಡಂಗುಲದ ಹಲಗೆಯ ಮೇಲೆ ಹತ್ತಿಸಿಕೊಂಡು, ಬೆಣೆಗಳನ್ನು ಪುನಃ ಒತ್ತತಕ್ಕದ್ದು.

೬. ಒಂದಂಗುಲ ಎತ್ತಿ ನಿಲ್ಲಿಸಿ, ಜಾಕು ವಾಲಿದೆಯೋ ಹಲಗೆ ಹೂತಿದೆಯೋ ನೋಡತಕ್ಕದ್ದು. ವಾಲಿದ್ದರೆ ಇಳಿಸಿ ಮೊದಲಿನಿಂದ ಆರಂಭಿಸತಕ್ಕದ್ದು. ವಾಲಿದ ಜಾಕನ್ನು ಒದೆದು ಸರಿಪಡಿಸಲು ಹೋಗತಕ್ಕದ್ದಲ್ಲ.

೭. ಚಕ್ರವು ನೆಲವನ್ನು ಬಿಟ್ಟ ಕೂಡಲೇ, ಜಾಕ್‌ಸ್ಟ್ಯಾಂಡೆಂದು ಅಂಗಡಿಗಳಲ್ಲಿ ಮಾರುವ ಕಬ್ಬಿಣದ ಆಸರೆಗಾಲನ್ನಾಗಲಿ ದಿಮ್ಮಿಗಳ ಅಟ್ಟಣೆಯನ್ನಾಗಲಿ ಅಚ್ಚಿನ ಕೆಳಗೆ ಸೇರಿಸಿ, ಭಾರವು ಅದರ ಮೇಲೆ ಕೂರುವಂತೆ ಜಾಕನ್ನು ತುಸು ಇಳಿಸತಕ್ಕದ್ದು. ಬಳಿಕ ಸ್ಟೆಪ್ನಿಯನ್ನು ಚಾಸಿಯ ಕೆಳಗೆ ಮಲಗಿಸಿದರೆ ಇನ್ನೊಂದು ರಕ್ಷಣೆಯಾಗುವುದು.

೮. ಕಳಚಿದ ಚಕ್ರವನ್ನು ಸ್ಟೆಪ್ನಿಯಿದ್ದ ಸ್ಥಳದಲ್ಲಿಟ್ಟು, ಹೊಸ ಚಕ್ರವನ್ನು ಕೂರಿಸಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯತಕ್ಕದ್ದು. ಕೆಳಗಿನ ವಸ್ತುಗಳನ್ನು ತೆಗೆದು ಇಳಿಸಿದ ಬಳಿಕ ಕೊನೆಯ ಬಿಗಿತವನ್ನು ಕೊಟ್ಟು, ಕೆಲವು ಮೈಲಿ ನಡೆಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸತಕ್ಕದ್ದು.

ಟ್ರಾಕ್ಟರು ಮತ್ತು ಟ್ರೇಲರು

ಟ್ರಾಕ್ಟರುಗಳಿಗೂ ಈ ನಿಯಮಗಳೇ ಅನ್ವಯಿಸುವುವು. ಎರಡು ವಿಶೇಷಗಳನ್ನು ಮಾತ್ರ ಸೇರಿಸಬೇಕು. ಟ್ರಾಕ್ಟರಿನ ಮುಂದಣ ಅಚ್ಚು ನಡುಗೀಲಿನ ಮೇಲೆ ತೂಗುವಂತಿರುವುದರಿಂದ, ಒಂದು ಹಿಂಚಕ್ರವನ್ನೆತ್ತಿದಾಗ ಇಡೀ ಒಡಲು ಆ ಕೀಲಿನ ಮೇಲೆ ಪಕ್ಕಕ್ಕೆ ಹೊರಳಬಹುದು. ಮುಂದಣ ಅಚ್ಚಿಗೂ ಒಡಲಿಗೂ ನಡುವೆ ಎರಡು ಬದಿಗಳಲ್ಲಿಯೂ ಮರದ ಬೆಣೆಗಳನ್ನು ಬಡಿದು ಆ ತೂಗಾಟವನ್ನು ನಿಲ್ಲಿಸಿದ ಬಳಿಕ ಎತ್ತತಕ್ಕದ್ದು. ಇನ್ನು ಎರಡು ಚಕ್ರಗಳ ಟ್ರೇಲರನ್ನು ಟ್ರಾಕ್ಟರಿನಿಂದ ಬಿಡಿಸಿ ಎತ್ತಬಾರದು. ಹೇರು ಹಿಂದಕ್ಕೆ ಸರಿದರೆ ಮೂತಿಯು ಮೇಲಕ್ಕೆದ್ದು ಜಾಕು ಕಳಚಿಬೀಳುವುದು.

ಅಪಾಯವು ಸಂಭವಿಸಿದಲ್ಲಿ

ವಾಹನವು ಯಾರ ಮೇಲಾದರೂ ಕುಸಿದರೆ ಹತ್ತು ಜನರು ಸೇರಿ ಒಂದೇ ಬದಿಯನ್ನು ಹಿಡಿದೆತ್ತಲು ನುಗ್ಗುವುದು ಸಹಜವು. ಆದರೆ ಬೆಣೆಯಿಲ್ಲದೆ ಎತ್ತಿದ ವಾಹನವು ಉರುಳಿ ಎರಡನೆಯ ಸಲ ಬೀಳಬಹುದು. ಒಬ್ಬನು ೧೦೮ಕ್ಕೆ ಕರೆ ಮಾಡುತ್ತಿರಲು, ಇಬ್ಬರು ಚಕ್ರಗಳಿಗೆ ಕಲ್ಲುಗಳನ್ನು ಕೊಡಬೇಕು. ಉಳಿದವರು ಇನ್ನೊಂದು ಜಾಕಿನಿಂದಲೋ ಬಲವಾದ ಸನ್ನೆಯಿಂದಲೋ ಎತ್ತುತ್ತ, ಏರಿದಷ್ಟು ಏರಿದಂತೆಲ್ಲ ಕೆಳಗೆ ಹಲಗೆಗಳನ್ನು ಸೇರಿಸುತ್ತ ಹೋಗಬೇಕು. ಹೀಗೆ ಮಾಡಿದರೆ ಜಾಕು ಜಾರಿದರೂ ಭಾರವು ಪುನಃ ಮೈಮೇಲೆ ಬೀಳುವುದಿಲ್ಲ. ಗಾಯಾಳುವನ್ನು ಎಳೆದಾಡದೆ, ಕತ್ತು ಬೆನ್ನುಗಳು ಅಲುಗದಂತೆ ನೋಡಿಕೊಳ್ಳಬೇಕು.

ಕಾಯಿದೆಯ ವಿಚಾರ

೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಪ್ರಕರಣದ ಪ್ರಕಾರ, ತಯಾರಕರು ಮೊದಲು ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದು ನಿಷಿದ್ಧವು. ಇದನ್ನು ಸರ್ವೋಚ್ಚ ನ್ಯಾಯಾಲಯವು ೨೦೧೯ರ ಜನವರಿಯಲ್ಲಿ ಕೊಟ್ಟ ತೀರ್ಪಿನಲ್ಲಿ ಎತ್ತಿಹಿಡಿದಿರುವುದು. ಆದುದರಿಂದ ಜೀಪನ್ನು ಎತ್ತರಿಸುವ ಮೊದಲು ಸಾರಿಗೆ ಕಛೇರಿಯಲ್ಲಿ ವಿಚಾರಿಸತಕ್ಕದ್ದು. ಈಗಾಗಲೇ ಎತ್ತರಿಸಿದುದನ್ನು ಕೊಂಡವರು ಅದರ ನೋಂದಣಿ ಪತ್ರವನ್ನು ವಾಹನದೊಡನೆ ತಾಳೆ ನೋಡುವುದು ಕ್ಷೇಮವು.

ಊರಿನ ಮುಖ್ಯಸ್ಥರು ಮಾಡಬಹುದಾದುದು

ವಾಹನದ ಯಜಮಾನನು ಎಲ್ಲವನ್ನೂ ಬಲ್ಲವನಾದರೂ, ಚಕ್ರ ಬಿಚ್ಚಲು ಕೆಳಗೆ ಬಾಗುವವನು ಬಹುಮಟ್ಟಿಗೆ ಅವನ ಆಳು, ಚಾಲಕ ಇಲ್ಲವೆ ಮನೆಯ ಹುಡುಗ. ಯಜಮಾನನು ಬೇಗ ಬೇಗ ಎಂದು ಅವಸರಪಡಿಸಿದರೆ ಅವನು ದಿಮ್ಮಿಯನ್ನು ಹುಡುಕಲು ಹೋಗುವುದಿಲ್ಲ. ಆದುದರಿಂದ ಎರಡು ಹಲಗೆ, ಆರು ಬೆಣೆ, ನಾಲ್ಕು ಚೌಕದಿಮ್ಮಿ ಮತ್ತು ಒಂದು ಜೊತೆ ಆಸರೆಗಾಲುಗಳು ಪ್ರತಿಯೊಂದು ಜೀಪು ಟ್ರಾಕ್ಟರುಗಳಲ್ಲಿಯೂ ಇರುವಂತೆ ಹಿಡುವಳಿದಾರರು ನೋಡಿಕೊಳ್ಳಬೇಕು. ಊರಿನ ಬಡಗಿಯು ಒಂದು ದಿನದಲ್ಲಿ ಹಲಗೆ ಬೆಣೆಗಳನ್ನು ಸಿದ್ಧಪಡಿಸಿ ಕೊಡಬಲ್ಲನು. ಗ್ರಾಮದ ಹಿರಿಯರು ಸುಗ್ಗಿಗೆ ಮುಂಚೆ ಚಾಲಕರನ್ನು ಒಂದು ಸಾಯಂಕಾಲ ಕಲೆಹಾಕಿ, ಒಂದು ಜೀಪನ್ನು ನಿಲ್ಲಿಸಿ, ಮೇಲೆ ಹೇಳಿದ ಕ್ರಮವನ್ನು ಅವರ ಕೈಯಿಂದಲೇ ಮಾಡಿಸಿದರೆ ಅದು ಮನಸ್ಸಿನಲ್ಲಿ ನಿಲ್ಲುವುದು.

ಗಾಡಿಯ ಕಾಲದ ಒಕ್ಕಲಿಗನ ಪಾಠವನ್ನೇ ಇಂದಿನ ಯಂತ್ರಕ್ಕೂ ಹೇಳಬೇಕಾಗಿರುವುದು: ಜಾಕು ಎತ್ತುವುದಕ್ಕೆ, ದಿಮ್ಮಿಯು ಹೊರುವುದಕ್ಕೆ. ದಿಮ್ಮಿಯು ಕೂರುವವರೆಗೆ ವಾಹನದ ಕೆಳಗೆ ಕೈಯನ್ನು ಚಾಚತಕ್ಕದ್ದಲ್ಲ, ಚಾಚಿಸತಕ್ಕದ್ದೂ ಅಲ್ಲ.